ದೂರದ ನೆಟ್‌ವರ್ಕ್ ಕೇಂದ್ರಕ್ಕೆ ಎಷ್ಟು ಬ್ಯಾಟರಿ ಬೇಕು?

ಪ್ರಶ್ನೆ: ಗುಡ್ಡದ ಮೇಲಿರುವ ನಮ್ಮ ನೆಟ್‌ವರ್ಕ್ ಕೇಂದ್ರದಲ್ಲಿ ಎರಡು ರೇಡಿಯೊ, ಒಂದು ಸ್ವಿಚ್, ಒಂದು ರೌಟರ್ ಇವೆ. 1000 ವಿಎ ಯುಪಿಎಸ್ ಅಳವಡಿಸಿದ್ದೇವೆ. ಆದರೂ ಕರೆಂಟು ಹೋದ ಒಂದೂವರೆ ಗಂಟೆಯೊಳಗೆ ಎಲ್ಲವೂ ನಿಂತುಬಿಡುತ್ತದೆ. ಅಲ್ಲಿಗೆ ಹೋಗಿಬರಲು ಅರ್ಧ ದಿನ ಹಿಡಿಯುತ್ತದೆ. 3000 ವಿಎ ಯುಪಿಎಸ್ ಕೊಂಡರೆ ಸಮಸ್ಯೆ ಬಗೆಹರಿಯುವುದೇ?

ಉತ್ತರ: ದಯವಿಟ್ಟು ಆ ಖರೀದಿಯನ್ನು ಸದ್ಯಕ್ಕೆ ತಡೆಹಿಡಿಯಿರಿ. ವಿಎ ಎಂಬ ಅಂಕಿ ಯುಪಿಎಸ್ ಒಮ್ಮೆಗೆ ಎಷ್ಟು ಲೋಡ್ ಹೊರಬಲ್ಲದು ಎಂಬುದನ್ನು ತಿಳಿಸುತ್ತದೆಯೇ ಹೊರತು ಎಷ್ಟು ಹೊತ್ತು ಹೊರಬಲ್ಲದು ಎಂಬುದನ್ನಲ್ಲ. ಹೊತ್ತನ್ನು ನಿರ್ಧರಿಸುವುದು ಬ್ಯಾಟರಿ. ನಿಮ್ಮಲ್ಲಿರುವ ಗಾತ್ರದ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್‌ನ ಎರಡು ಬ್ಯಾಟರಿಗಳಿರುತ್ತವೆ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಬ್ಯಾಟರಿಯಲ್ಲಿರುವ ಶಕ್ತಿ ವ್ಯಾಟ್-ಅವರ್‌ನಲ್ಲಿ ಸಿಗುತ್ತದೆ. ಎರಡೂ ಸೇರಿ ಲೆಕ್ಕಕ್ಕೆ ಸಿಗುವುದು 168 ವ್ಯಾಟ್-ಅವರ್, ಅದರಲ್ಲೂ ಒಂದು ಪಾಲು ಯುಪಿಎಸ್‌ನ ಸ್ವಂತ ಬಳಕೆಗೇ ಹೋಗುತ್ತದೆ. ದೊಡ್ಡ ಯುಪಿಎಸ್ ತಂದರೆ ಲೋಡ್ ಇಲ್ಲದಿದ್ದಾಗಲೂ ಅದು ನುಂಗುವ ವಿದ್ಯುತ್ ಹೆಚ್ಚುತ್ತದೆ.

ಮೊದಲು ಮಾಡಬೇಕಾದ ಕೆಲಸ ಎರಡು. ಉಪಕರಣಗಳ ಮೇಲಿನ ಚೀಟಿಯನ್ನು ನಂಬದೆ, ಅವು ನಿಜಕ್ಕೂ ಎಳೆಯುವ ವಿದ್ಯುತ್ತನ್ನು ಮೀಟರ್ ಹಾಕಿ ಅಳೆಯಿರಿ. ಬಳಿಕ, ಕರೆಂಟು ಹೋಗಿ ಹಿಂತಿರುಗಲು ಹಿಡಿಯುವ ಅತಿ ದೀರ್ಘ ಅವಧಿಯ ಜೊತೆಗೆ ನಿಮ್ಮವರು ಅಲ್ಲಿಗೆ ತಲುಪಲು ಬೇಕಾಗುವ ಸಮಯವನ್ನೂ ಗಮನದಲ್ಲಿಟ್ಟು ಎಷ್ಟು ಗಂಟೆ ಬೇಕೆಂದು ನಿರ್ಧರಿಸಿ. ಲೋಡ್ 60 ವ್ಯಾಟ್, ಅವಧಿ 10 ಗಂಟೆ ಎಂದಿಟ್ಟುಕೊಂಡರೆ 600 ವ್ಯಾಟ್-ಅವರ್ ಆಯಿತು. ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡದಿದ್ದರೆ ಅದು ಬಹಳ ಕಾಲ ಬಾಳುವುದರಿಂದ 1200 ಎಂದು ಹಿಡಿಯಿರಿ. ವಯಸ್ಸಾದಂತೆ ಬ್ಯಾಟರಿಯ ಸಾಮರ್ಥ್ಯ ಕುಗ್ಗುವುದಕ್ಕೆ ಕಾಲುಭಾಗ ಸೇರಿಸಿದರೆ 1500 ವ್ಯಾಟ್-ಅವರ್. ಇದು 48 ವೋಲ್ಟ್‌ನಲ್ಲಿ ಸುಮಾರು 31 ಆಂಪಿಯರ್-ಅವರ್. ಅಂದರೆ 12 ವೋಲ್ಟ್‌ನ 40 ಆಂಪಿಯರ್-ಅವರ್ ಬ್ಯಾಟರಿಗಳು ನಾಲ್ಕು, ಸರಣಿಯಲ್ಲಿ (ಒಂದರ ಹಿಂದೊಂದು ಜೋಡಿಸಿದಾಗ ವೋಲ್ಟ್ ಕೂಡುತ್ತದೆ, ಆಂಪಿಯರ್-ಅವರ್ ಅಷ್ಟೇ ಉಳಿಯುತ್ತದೆ).

48 ವೋಲ್ಟ್ ಎಂದು ಹೇಳಿದ್ದಕ್ಕೆ ಕಾರಣವಿದೆ. ಟೆಲಿಕಾಂ ಉಪಕರಣಗಳು ಬಹು ಕಾಲದಿಂದ ಈ ಡಿಸಿ (ಬ್ಯಾಟರಿ ಕೊಡುವಂಥ, ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್) ವೋಲ್ಟೇಜಿನಲ್ಲೇ ನಡೆಯುತ್ತ ಬಂದಿವೆ. ಬ್ಯಾಟರಿಯ ಡಿಸಿಯನ್ನು ಯುಪಿಎಸ್ ಎಸಿ (ಮನೆಯ ಸಾಕೆಟ್ಟಿನಲ್ಲಿ ಬರುವಂಥ, ದಿಕ್ಕು ಬದಲಿಸುವ ವಿದ್ಯುತ್) ಮಾಡುವುದು, ಅಡಾಪ್ಟರ್ ಅದನ್ನು ಮತ್ತೆ ಡಿಸಿ ಮಾಡುವುದು, ಎರಡೂ ಕಡೆ ನಷ್ಟವಾಗುವುದು, ಇಷ್ಟು ಸಣ್ಣ ಲೋಡಿಗೆ ಇದು ನಿಜಕ್ಕೂ ಬೇಡದ ಸುತ್ತು. ಚಾರ್ಜರ್, ಬ್ಯಾಟರಿ ಮತ್ತು ಉಪಕರಣಗಳನ್ನು ನೇರವಾಗಿ ಒಂದೇ ಡಿಸಿ ಸಾಲಿಗೆ ಜೋಡಿಸಿದರೆ ಕೆಡಬಹುದಾದ ಭಾಗಗಳೂ ಕಡಿಮೆಯಾಗುತ್ತವೆ. ಆದರೆ ಪ್ರತಿ ಉಪಕರಣ ಎಷ್ಟು ವೋಲ್ಟ್ ತಾಳುತ್ತದೆ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು, ಏಕೆಂದರೆ ಇದೇ ಸಾಲು ಚಾರ್ಜ್ ಆಗುವಾಗ 54 ವೋಲ್ಟ್ ದಾಟುತ್ತದೆ, ಖಾಲಿಯಾಗುವಾಗ 44ರ ಕೆಳಗೂ ಇಳಿಯುತ್ತದೆ. 24 ವೋಲ್ಟ್‌ನ ರೇಡಿಯೊ ಇದ್ದರೆ ಅದಕ್ಕೆ ಪ್ರತ್ಯೇಕ ಪರಿವರ್ತಕ ಬೇಕು.

ವೋಲ್ಟೇಜ್ ತೀರ ಇಳಿದಾಗ ಲೋಡನ್ನು ಕಳಚುವ ಸಾಧನವನ್ನು ಖಂಡಿತ ಹಾಕಿಸಿ. ಇಂಥ ಸಾಲಿಗೆ 43.2 ವೋಲ್ಟ್ ರೂಢಿಯ ಮಿತಿ. ಲೋಡ್ ಕಳಚಿದೊಡನೆ ಬ್ಯಾಟರಿಯ ವೋಲ್ಟೇಜ್ ತಾನಾಗಿ ಮೇಲೇಳುತ್ತದೆ, ಆದ್ದರಿಂದ ಮರುಜೋಡಣೆಯ ಮಿತಿಯನ್ನು ಸಾಕಷ್ಟು ಮೇಲಿಡದಿದ್ದರೆ ಉಪಕರಣಗಳು ಪದೇಪದೇ ಆರಿ ಹೊತ್ತಿ ಕೆಡುತ್ತವೆ.

ಇನ್ನು ಬಿಸಿ. ಸೀಸ-ಆಮ್ಲ ಬ್ಯಾಟರಿಯ ಆಯುಷ್ಯವನ್ನು 25 ಡಿಗ್ರಿ ಸೆಲ್ಸಿಯಸ್‌ಗೆ ಹೇಳಿರುತ್ತಾರೆ. ಅದಕ್ಕಿಂತ 10 ಡಿಗ್ರಿ ಹೆಚ್ಚಾದರೆ ಆಯುಷ್ಯ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಬಿಸಿಲಿಗೆ ಕಾದ ಲೋಹದ ಪೆಟ್ಟಿಗೆಯಲ್ಲಿ ಬ್ಯಾಟರಿ ಇಡುವುದು ಎಷ್ಟೋ ಕೇಂದ್ರಗಳಲ್ಲಿ ನಡೆಯುವ ಅನ್ಯಾಯ. ನೆರಳು, ಗಾಳಿಯಾಟ ಮತ್ತು ತಾಪಮಾನಕ್ಕೆ ತಕ್ಕಂತೆ ವೋಲ್ಟೇಜ್ ಹೊಂದಿಸಿಕೊಳ್ಳುವ ಚಾರ್ಜರ್, ಈ ಮೂರಕ್ಕೆ ಹಣ ಉಳಿಸಬೇಡಿ.

ಪ್ರಶ್ನೆ: ಲಿಥಿಯಂ ಬ್ಯಾಟರಿ ಹಾಕಿದರೆ ಲಾಭವಿದೆಯೇ?

ಉತ್ತರ: ಕರೆಂಟು ದಿನವೂ ಹೋಗುವಲ್ಲಿ ಖಂಡಿತ ಇದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಶೇ. 80ರಷ್ಟನ್ನು ಬಳಸಬಹುದು, ಸಾವಿರಾರು ಸಲ ಚಾರ್ಜ್ ಮಾಡಬಹುದು, ತೂಕವೂ ಕಡಿಮೆಯಾದ್ದರಿಂದ ಗುಡ್ಡಕ್ಕೆ ಹೊರುವವರಿಗೆ ಅನುಕೂಲ. ಶೂನ್ಯ ಡಿಗ್ರಿಗಿಂತ ಕೆಳಗೆ ಮಾತ್ರ ಅದನ್ನು ಚಾರ್ಜ್ ಮಾಡಬಾರದು. ಸೀಸ-ಆಮ್ಲದ ಹಳೆಯ ಚಾರ್ಜರನ್ನೇ ಅದಕ್ಕೆ ಕಟ್ಟಬೇಡಿ. ವರ್ಷಕ್ಕೊಂದೆರಡು ಸಲ ಮಾತ್ರ ಕರೆಂಟು ಹೋಗುವ ಕಡೆ ಸೀಸ-ಆಮ್ಲವೇ ಸಾಕೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಬ್ಯಾಟರಿಯ ಬದಲು ಡೀಸೆಲ್ ಜನರೇಟರ್ ಇಡಬಹುದೇ?

ಉತ್ತರ: 60 ವ್ಯಾಟ್ ಲೋಡಿಗೆ ಬೇಡ. ಸಾಮರ್ಥ್ಯದ ಶೇ. 30ಕ್ಕಿಂತ ಕಡಿಮೆ ಲೋಡಿನಲ್ಲಿ ಬಹಳ ಹೊತ್ತು ಓಡುವ ಡೀಸೆಲ್ ಎಂಜಿನ್‌ನಲ್ಲಿ ಪೂರ್ತಿ ಉರಿಯದ ಇಂಧನ ಮತ್ತು ಮಸಿ ಕಟ್ಟಿಕೊಳ್ಳುತ್ತವೆ. ಅದರ ಬದಲು ಸೌರ ಫಲಕಗಳನ್ನು ಯೋಚಿಸಿ: 60 ವ್ಯಾಟ್ 24 ಗಂಟೆ ನಡೆಯಲು ದಿನಕ್ಕೆ 1440 ವ್ಯಾಟ್-ಅವರ್ ಬೇಕು, ವರ್ಷದ ಅತಿ ಮಂಕಾದ ತಿಂಗಳಲ್ಲಿ ಪೂರ್ಣ ಬಿಸಿಲಿಗೆ ಸಮನಾದ 3 ಗಂಟೆ ಸಿಗುತ್ತದೆಂದರೆ, ನಷ್ಟವನ್ನೂ ಸೇರಿಸಿ ಸುಮಾರು 700 ವ್ಯಾಟ್ ಫಲಕ ಸಾಕು. ಲೋಡ್ ಹಲವು ಕಿಲೋವ್ಯಾಟ್ ಇರುವ ದೊಡ್ಡ ಕೇಂದ್ರಗಳಲ್ಲಿ ಜನರೇಟರ್ ಬೇಕೇ ಬೇಕಾಗುತ್ತದೆ. ಅಲ್ಲಿಯೂ ಅದು ಚಾಲೂ ಆಗುವವರೆಗೆ ಲೋಡ್ ಹೊರುವುದು ಬ್ಯಾಟರಿಯೇ, ಹಾಗೂ ಜನರೇಟರ್ ಕೈಕೊಡುವುದು ಹೆಚ್ಚಾಗಿ ಅದರ ಸ್ಟಾರ್ಟರ್ ಬ್ಯಾಟರಿ ಸತ್ತಿರುವುದರಿಂದಲೇ, ಆದಕಾರಣ ತಿಂಗಳಿಗೊಮ್ಮೆ ಲೋಡ್ ಹಾಕಿ ಓಡಿಸಿ ನೋಡಬೇಕು.