ಹುಡುಗನಿಗೆ ಪಿಸಿಓಎಸ್ ವಿಷಯ ಹೇಳಬೇಕಾ?

ಪ್ರಶ್ನೆ: ನನಗೆ 26 ವರ್ಷ. ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುತ್ತೇನೆ. ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವ ತೊಂದರೆ) ಇದೆ ಎಂದು ಡಾಕ್ಟರ್ ಹೇಳಿದ್ದಾರೆ. ರಿಪೋರ್ಟಿನಲ್ಲಿ ಎಎಂಎಚ್ ಅನ್ನುವ ಹಾರ್ಮೋನ್ 9 ದಾಟಿದೆ. ಟೆಸ್ಟೋಸ್ಟೆರಾನ್ (ಗಂಡು ಹಾರ್ಮೋನ್) ನಾರ್ಮಲ್ ಇದೆ, ಆದರೂ ಗದ್ದದ ಮೇಲೆ ಕೂದಲು ಬರುತ್ತಿದೆ. ಮದುವೆ ಗೊತ್ತಾಗಿದೆ. "ಹುಡುಗನ ಕಡೆಯವರ ಮುಂದೆ ಬಾಯಿ ಬಿಡಬೇಡ" ಅಂತಾರೆ ಅಮ್ಮ. ನಾಳೆ ಮಕ್ಕಳಾಗದಿದ್ದರೆ ನಾನು ಮೋಸ ಮಾಡಿದ ಹಾಗಲ್ವಾ?
– ಹೆಸರು ಬೇಡ, ಹಾಸನ

ಉತ್ತರ: ಮೋಸ ಅನ್ನುವ ಮಾತನ್ನು ಮೊದಲು ಮನಸ್ಸಿನಿಂದ ತೆಗೆಯಿರಿ. ನಿಮ್ಮನ್ನು ಹೆದರಿಸಿರುವ ಆ 9, ಮಕ್ಕಳಾಗಲ್ಲ ಅಂತ ಹೇಳುವ ಅಂಕಿಯೇ ಅಲ್ಲ. ಅಂಡಾಶಯದಲ್ಲಿ ಅಂಡಗಳಿರುವ ಸಣ್ಣ ಸಣ್ಣ ಚೀಲಗಳಿಂದ ಎಎಂಎಚ್ ಬರುತ್ತದೆ. ನಿಮ್ಮಲ್ಲಿ ಅವು ಜಾಸ್ತಿ ಇವೆ, ಅದಕ್ಕೇ ಅಂಕಿಯೂ ಜಾಸ್ತಿ. ಅಂಡಗಳಿಗೆ ಕೊರತೆಯಿಲ್ಲ. ಅವು ಬಲಿತು ಹೊರಬರುವ ಕೆಲಸ ತಿಂಗಳು ತಿಂಗಳೂ ನಡೆಯುತ್ತಿಲ್ಲ. ಮುಂದೆ ಬೇಕಾದರೆ ಅದಕ್ಕೆ ಲೆಟ್ರೊಜೋಲ್‌ನಂಥ ಮಾತ್ರೆ ಕೊಡುತ್ತಾರೆ. ಎಷ್ಟೋ ಜನರಿಗೆ ಅದೂ ಬೇಕಾಗುವುದಿಲ್ಲ.

ಇನ್ನು ಗದ್ದದ ಕೂದಲು. ಇದು ನಿಮ್ಮ ಭ್ರಮೆಯಲ್ಲ. ಲ್ಯಾಬಿನವರು ಅಳೆದದ್ದು ಒಟ್ಟು ಟೆಸ್ಟೋಸ್ಟೆರಾನ್ ಇರಬಹುದು. ರಕ್ತದಲ್ಲಿ ಅದರ ಬಹುಪಾಲನ್ನು ಎಸ್‌ಎಚ್‌ಬಿಜಿಯಂಥ ಪ್ರೋಟೀನ್‌ಗಳು ಹಿಡಿದಿಟ್ಟುಕೊಂಡಿರುತ್ತವೆ. ಪಿಸಿಓಎಸ್ ಇರುವ ಅನೇಕರಲ್ಲಿ ಇನ್ಸುಲಿನ್ ಏರಿರುತ್ತದೆ. ಆಗ ಲಿವರ್ ಈ ಎಸ್‌ಎಚ್‌ಬಿಜಿಯನ್ನು ತಯಾರಿಸುವುದೇ ಕಡಿಮೆಯಾಗುತ್ತದೆ. ಹಿಡಿಯುವವರು ಕಡಿಮೆಯಾದರೆ ಬಿಡಿಯಾಗಿ ಓಡಾಡುವ ಟೆಸ್ಟೋಸ್ಟೆರಾನ್ ಹೆಚ್ಚುತ್ತದೆ. ಕೂದಲಿನ ಬುಡಕ್ಕೆ ತಟ್ಟುವುದು ಅದೇ. "ಫ್ರೀ ಟೆಸ್ಟೋಸ್ಟೆರಾನ್ ನೋಡಿದ್ದೀರಾ? ಶುಗರ್ ಟೆಸ್ಟ್ ಮಾಡಿಸಬೇಕಾ?" ಅಂತ ಡಾಕ್ಟರನ್ನು ಕೇಳಿ. ಮುಟ್ಟಿಗೆಂದು ಹಾರ್ಮೋನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ. ಈ ಅಂಕಿಗಳನ್ನು ಅದು ಬದಲಿಸಿಬಿಡುತ್ತದೆ.

ಅಮ್ಮನ ಭಯ ನನಗೆ ಅರ್ಥವಾಗುತ್ತದೆ. ಮುಟ್ಟಿನ ಮಾತು ಎದ್ದು ಸಂಬಂಧವೇ ಮುರಿದ ಮನೆಗಳು ನಮ್ಮಲ್ಲಿವೆ. ಆದರೂ ಹುಡುಗನಿಗೆ ಹೇಳಿ. ಹಿರಿಯರ ಮುಂದೆ ಬೇಡ, ನೀವಿಬ್ಬರೇ ಇರುವಾಗ. "ನನಗೆ ಮುಟ್ಟು ಸರಿಯಾಗಿ ಆಗಲ್ಲ, ಡಾಕ್ಟರ ಹತ್ತಿರ ತೋರಿಸ್ತಿದ್ದೀನಿ, ಮಕ್ಕಳು ಸ್ವಲ್ಪ ತಡವಾಗಬಹುದು." ಇಷ್ಟು ಸಾಕು. ರಿಪೋರ್ಟ್ ಒಪ್ಪಿಸಬೇಕಾಗಿಲ್ಲ. ಹೊಸ ಮನೆಯಲ್ಲಿ ಅತ್ತೆಗೆ ಕಾಣದ ಹಾಗೆ ಮಾತ್ರೆ ಬಚ್ಚಿಟ್ಟು ನುಂಗುವ ಪಾಡು ನಿಮಗೆ ಬರಬಾರದು, ಅದಕ್ಕೇ ಹೇಳುತ್ತಿದ್ದೇನೆ. ಹುಡುಗನಿಗೆ ಅನುಮಾನವಿದ್ದರೆ ಡಾಕ್ಟರ ಹತ್ತಿರ ಜೊತೆಗೇ ಕರೆದುಕೊಂಡು ಹೋಗಿ.

ಮದುವೆ ಗಡಿಬಿಡಿಯಲ್ಲಿ ಒಂದು ಮರೆಯಬೇಡಿ. ಮೂರು ತಿಂಗಳು ದಾಟಿದರೂ ಮುಟ್ಟಾಗದಿದ್ದರೆ ಸುಮ್ನೆ ಕಾಯಬೇಡಿ, ತೋರಿಸಿ. ಗರ್ಭಕೋಶದ ಒಳಪದರ ದಪ್ಪಗಾಗುತ್ತಾ ಹೋಗುತ್ತದೆ, ಅದನ್ನು ಹಾಗೇ ಬಿಡಬಾರದು.