ದಪ್ಪ ವೆಟ್‌ಸೂಟ್, ಕೊರೆಯುವ ನೀರು: ಓದುಗರ ಪ್ರಶ್ನೆಗೆ ಸ್ಕೂಬಾ ತರಬೇತುದಾರರ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಾನು ಬೆಳಗಾವಿಯವನು. ಮುರ್ಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ಸ್ಕೂಬಾ ಕಲಿತು ಸರ್ಟಿಫಿಕೇಟ್ ತಗೊಂಡಿದ್ದೇನೆ. ಅಲ್ಲಿ 3 ಮಿ.ಮೀ. ದಪ್ಪದ ವೆಟ್‌ಸೂಟ್ (ನೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರ್ ಉಡುಪು), ಮುಳುಗಲು ಕಟ್ಟಿಕೊಳ್ಳುವ 4 ಕಿಲೋ ಸೀಸ ಸಾಕಾಗಿತ್ತು. ಡಿಸೆಂಬರ್‌ನಲ್ಲಿ ಕೇಪ್‌ಟೌನ್‌ನಲ್ಲಿರುವ ಅಕ್ಕನ ಮನೆಗೆ ಹೊರಟಿದ್ದೇನೆ. ಅಲ್ಲಿ ಡೈವ್ ಮಾಡಲು 7 ಮಿ.ಮೀ. ಸೂಟ್ ಬೇಕಂತೆ. ಗೆಳೆಯನ ಹಳೇ ಸೂಟ್ ಸಿಕ್ಕಿದೆ. ಮನೆಯಲ್ಲಿ ಹಾಕಿ ನೋಡಿದರೆ ಉಸಿರು ಕಟ್ಟಿದಂತಾಯಿತು. ಒಂದು ಸೈಜ್ ದೊಡ್ಡದು ತಗೊಳ್ಳಲಾ? ಡಿಸೆಂಬರ್ ಅಂದ್ರೆ ಅಲ್ಲಿ ಬೇಸಿಗೆ ಅಲ್ವಾ, 5 ಮಿ.ಮೀ. ಸಾಲದಾ?

ಉತ್ತರ: ಬೇಸಿಗೆ ಹೌದು. ಆದರೆ ಕೇಪ್‌ಟೌನ್‌ನ ಅಟ್ಲಾಂಟಿಕ್ ಬದಿಯಲ್ಲಿ ಲೆಕ್ಕ ಉಲ್ಟಾ. ಬೇಸಿಗೆಯಲ್ಲಿ ಆಗ್ನೇಯದಿಂದ ಜೋರು ಗಾಳಿ ಬೀಸುತ್ತದೆ. ಅದು ಮೇಲಿನ ಬೆಚ್ಚಗಿನ ನೀರನ್ನು ಕಡಲಿನತ್ತ ತಳ್ಳುತ್ತದೆ, ಆ ಜಾಗಕ್ಕೆ ಆಳದ ತಣ್ಣೀರು ಮೇಲೆ ಬರುತ್ತದೆ. ದಂಡೆಯಲ್ಲಿ ಬಿಸಿಲು ಸುಡುತ್ತಿದ್ದರೂ ನೀರು 10 ಡಿಗ್ರಿಯ ಆಸುಪಾಸಿಗೆ ಇಳಿಯಬಹುದು. ಇನ್ನೊಂದು ಬದಿಯ ಫಾಲ್ಸ್ ಬೇ ಆ ಹೊತ್ತಿಗೆ ಸಾಮಾನ್ಯವಾಗಿ ಇದಕ್ಕಿಂತ ಬೆಚ್ಚಗಿರುತ್ತದೆ. ನಿಮ್ಮ ಮೊದಲ ಡೈವ್ ಅಲ್ಲೇ ಇರಲಿ. ಎರಡೂ ಕಡೆ 7 ಮಿ.ಮೀ. ಸೂಟೇ ಬೇಕು, ಜೊತೆಗೆ ತಲೆ, ಕಿವಿ ಮುಚ್ಚುವ ಹುಡ್, ಗ್ಲೌಸ್, ಬೂಟ್. ನೇತ್ರಾಣಿಯ 27–28 ಡಿಗ್ರಿ ನೀರಿನ ಅಂದಾಜಿನಲ್ಲಿ ಹೋಗಬೇಡಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆಯುತ್ತದೆ.

ಈಗ ಸೈಜಿನ ಮಾತು. ದೊಡ್ಡದು ತಗೊಳ್ಳಲೇಬೇಡಿ. ಒಳಗೆ ಸೇರಿದ ನೀರು ಮೈಬಿಸಿಗೆ ಕಾದು ನಮ್ಮನ್ನು ಬೆಚ್ಚಗಿಡುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಬೆಚ್ಚಗಿಡುವುದು ನಿಯೋಪ್ರಿನ್ ರಬ್ಬರಿನೊಳಗಿನ ಸಾವಿರಾರು ಸಣ್ಣ ಅನಿಲದ ಗುಳ್ಳೆಗಳು. ಅಜ್ಜಿಯ ಕೌದಿ ಪದರಗಳ ನಡುವೆ ಗಾಳಿ ಹಿಡಿದಿಡುತ್ತದಲ್ಲ, ಕೆಲಸ ಅದೇ. 1950ರ ದಶಕದ ಆರಂಭದಲ್ಲಿ ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ವೆಟ್‌ಸೂಟ್ ರೂಪಿಸುವಾಗ ಕಂಡುಕೊಂಡಿದ್ದೂ ಇದನ್ನೇ: ಮೈ ಒದ್ದೆಯಾದರೂ ಪರವಾಗಿಲ್ಲ, ಗುಳ್ಳೆಗಳ ಪದರ ಇದ್ದರೆ ಸಾಕು. ಒಳಗೆ ಬಂದ ನೀರು ಅಲ್ಲೇ ನಿಂತರೆ ಏನೂ ತೊಂದರೆ ಇಲ್ಲ. ಸೂಟ್ ಸಡಿಲ ಇದ್ದರೆ ಕೈಕಾಲು ಆಡಿಸಿದಾಗಲೆಲ್ಲ ಹಳೇ ನೀರು ಹೊರಗೆ, ಹೊಸ ತಣ್ಣೀರು ಒಳಗೆ. ಸಡಿಲವಾದ 7ಕ್ಕಿಂತ ಮೈಗೆ ಹತ್ತಿದ 5 ಎಷ್ಟೋ ವಾಸಿ.

ನೆಲದ ಮೇಲೆ ದಪ್ಪ ಸೂಟ್ ಬಿಗಿ ಅನ್ನಿಸುವುದು ಸಹಜ, ನೀರಿಗಿಳಿದ ಮೇಲೆ ಸ್ವಲ್ಪ ಹಗುರಾಗುತ್ತದೆ. ಹಾಗಂತ ಎಲ್ಲ ಬಿಗಿಯೂ ಒಳ್ಳೆಯದಲ್ಲ. ಎದೆ ತುಂಬ ಉಸಿರು ಎಳೆಯಲು ಆಗಬೇಕು. ಕುತ್ತಿಗೆ ಒತ್ತಬಾರದು. ಅಲ್ಲಿನ ರಕ್ತನಾಳದ ಮೇಲೆ ಒತ್ತಡ ಬಿದ್ದರೆ ಎದೆಬಡಿತ ನಿಧಾನವಾಗಿ ತಲೆ ಸುತ್ತಬಹುದು. ಸೂಟ್ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತು ನೋಡಿ, ಎರಡೂ ಕೈಯಿಂದ ನಿಮ್ಮ ಭುಜ ನೀವೇ ಅಪ್ಪಿಕೊಳ್ಳಿ. ಸೊಂಟದ ಹಿಂಭಾಗದಲ್ಲಿ, ಕಂಕುಳಲ್ಲಿ ಪೊಳ್ಳು ಉಳಿದಿದೆಯಾ ಅಂತ ಯಾರಿಗಾದರೂ ಮುಟ್ಟಿ ನೋಡಲು ಹೇಳಿ. ಪೊಳ್ಳು ಇದ್ದಲ್ಲಿ ನೀರು ಓಡಾಡುತ್ತದೆ. ಉಸಿರು ಕಟ್ಟುವುದಕ್ಕೆ ಎಷ್ಟೋ ಸಲ ಹಾಕಿಕೊಂಡ ರೀತಿಯೇ ಕಾರಣ. ಕಾಲಿನ ಭಾಗ ಪೂರ್ತಿ ಮೇಲೆ ಬರದಿದ್ದರೆ ಇಡೀ ಸೂಟ್ ಭುಜವನ್ನು ಕೆಳಗೆ ಜಗ್ಗುತ್ತದೆ. ಪಾದಕ್ಕೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಕಾಲು ತೂರಿಸಿ, ಮಂಡಿ, ತೊಡೆ, ಸೊಂಟ ಅಂತ ಒಂದೊಂದೇ ಹಂತ ಮೇಲೇರಿಸಿ. ಉಗುರು ತಾಗಿಸಬೇಡಿ, ಹರಿಯುತ್ತದೆ. ಇಷ್ಟು ಮಾಡಿಯೂ ಪೂರ್ತಿ ಉಸಿರು ಬಾರದಿದ್ದರೆ ಆ ಸೂಟ್ ನಿಮ್ಮ ಮೈಯದಲ್ಲ, ವಾಪಸ್ ಕೊಡಿ.

ಹಳೇ ಸೂಟ್ ಅಂದಿರಲ್ಲ. ಹೆಬ್ಬೆರಳಿನಿಂದ ಒತ್ತಿ ಬಿಡಿ. ತಗ್ಗು ತಕ್ಷಣ ತುಂಬಿಕೊಂಡರೆ ರಬ್ಬರಿಗೆ ಇನ್ನೂ ಜೀವ ಇದೆ. ಹಾಗೇ ಉಳಿದರೆ ಗುಳ್ಳೆಗಳು ಸತ್ತಿವೆ, ಲೇಬಲ್ ಮೇಲೆ 7 ಅಂತ ಬರೆದಿದ್ದರೂ ಬಿಸಿ ತಡೆಯುವುದು ಕಡಿಮೆ. ಆಮೇಲೆ ಒಳಹೊರಗು ಮಾಡಿ ಹೊಲಿಗೆಯನ್ನು ಟ್ಯೂಬ್‌ಲೈಟಿಗೆ ಹಿಡಿಯಿರಿ. ಸೂಜಿ ತೂತಿನಿಂದ ಬೆಳಕು ಕಂಡರೆ ನೀರಿಗೂ ಅದೇ ದಾರಿ.

ಸೀಸದ ಲೆಕ್ಕ ಇದೆಲ್ಲಕ್ಕಿಂತ ಮುಖ್ಯ, ನೀವು ಮಾತ್ರ ಅದನ್ನು ಕೇಳಲೇ ಇಲ್ಲ. ದಪ್ಪ ಸೂಟ್ ತೇಲಿಸುತ್ತದೆ. 4 ಕಿಲೋ ಕಟ್ಟಿಕೊಂಡರೆ ನೀವು ಮುಳುಗುವುದೇ ಇಲ್ಲ. ಎರಡು ಪಟ್ಟು ಬೇಕಾದರೂ ಆಶ್ಚರ್ಯವಿಲ್ಲ. ಆದರೆ 10 ಮೀಟರ್ ಆಳಕ್ಕೆ ಹೋದಾಗ ಒತ್ತಡ ಎರಡು ಪಟ್ಟಾಗುತ್ತದೆ, ಗುಳ್ಳೆಗಳು ಹೆಚ್ಚುಕಡಿಮೆ ಅರ್ಧಕ್ಕೆ ಕುಗ್ಗುತ್ತವೆ. ಸೂಟ್ ತೆಳ್ಳಗಾಗುತ್ತದೆ, ತೇಲಿಸುವ ಶಕ್ತಿ ತಗ್ಗುತ್ತದೆ, ಸೀಸ ಮಾತ್ರ ಅಷ್ಟೇ ಇರುತ್ತದೆ. ನೇತ್ರಾಣಿಯಲ್ಲಿ ಇದು ನಿಮ್ಮ ಗಮನಕ್ಕೇ ಬಂದಿರಲಿಕ್ಕಿಲ್ಲ. ದಪ್ಪ ಸೂಟಿನಲ್ಲಿ ಕಲ್ಲಿನ ಹಾಗೆ ಇಳಿಯುತ್ತೀರಿ. ಅದಕ್ಕೇ ಇಳಿಯುವಾಗ ಡೈವಿಂಗ್ ಜಾಕೆಟ್‌ಗೆ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಅಂಗಿ) ಸ್ವಲ್ಪ ಸ್ವಲ್ಪವೇ ಗಾಳಿ ತುಂಬುತ್ತಾ ಹೋಗಿ. ಮೇಲೆ ಬರುವಾಗ ಸೂಟ್ ಮತ್ತೆ ಉಬ್ಬುತ್ತದೆ, ಗಾಳಿ ತೆಗೆಯುತ್ತಾ ಬನ್ನಿ. ಆಳ ಹೋದಷ್ಟೂ ಚಳಿ ಜಾಸ್ತಿಯಾಗುವುದಕ್ಕೂ ಸೂಟ್ ಹೀಗೆ ತೆಳ್ಳಗಾಗುವುದೇ ಕಾರಣ.

ನಿಜವಾದ ಪರೀಕ್ಷೆ ಇರುವುದು ಕೊನೆಯಲ್ಲಿ, ಮೇಲೆ ಬರುವ ಮುನ್ನ ಸುರಕ್ಷತೆಗೆಂದು 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವಾಗ. ಆಗ ಸೂಟ್ ಉಬ್ಬಿರುತ್ತದೆ, ಸಿಲಿಂಡರ್ ಖಾಲಿಯಾಗುತ್ತಾ ಬಂದಿರುತ್ತದೆ. 12 ಲೀಟರ್ ಸಿಲಿಂಡರ್‌ನ ಒತ್ತಡ 200 ಬಾರ್‌ನಿಂದ 50ಕ್ಕೆ ಬಂದರೆ ಗಾಳಿಯ ತೂಕವೇ ಎರಡು ಕಿಲೋ ಕಡಿಮೆಯಾಗಿರುತ್ತದೆ. ಸೀಸ ಕಮ್ಮಿ ಬಿದ್ದಿದ್ದರೆ ಅಲ್ಲಿ ನಿಲ್ಲಲಾಗದೆ ಚೆಂಡಿನಂತೆ ಮೇಲೆ ಬರುತ್ತೀರಿ. ಆದ್ದರಿಂದ ಮೊದಲ ದಿನ ದಂಡೆಯ ಹತ್ತಿರ, ಹುಡ್ ಗ್ಲೌಸ್ ಎಲ್ಲ ಹಾಕಿಕೊಂಡೇ ತೂಕ ನೋಡಿ. ಜಾಕೆಟ್ ಖಾಲಿ ಮಾಡಿ ಮಾಮೂಲಿ ಉಸಿರು ಹಿಡಿದರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ತುಂಬಿದ ಸಿಲಿಂಡರ್‌ನಲ್ಲಿ ನೋಡಿದರೆ ಎರಡು ಕಿಲೋ ಸೇರಿಸಿಕೊಳ್ಳಿ.

ಇನ್ನು ಸಣ್ಣಪುಟ್ಟ ಮಾತು. ನೀರಿಗಿಳಿದ ಮೊದಲ ನಿಮಿಷ ಏದುಸಿರು ಬರುತ್ತದೆ, ಸಿಲಿಂಡರ್‌ನ ಗಾಳಿ ಬಾಯಿಗೆ ಕೊಡುವ ರೆಗ್ಯುಲೇಟರ್ ಬಾಯಲ್ಲೇ ಇರಲಿ, ಉಸಿರು ಹದಕ್ಕೆ ಬರುವವರೆಗೆ ಮುಳುಗಬೇಡಿ. ಫ್ಲಾಸ್ಕ್‌ನಲ್ಲಿ ಬೆಚ್ಚಗಿನ ನೀರು ಒಯ್ದು ಇಳಿಯುವ ಮುಂಚೆ ಗ್ಲೌಸಿಗೆ, ಕುತ್ತಿಗೆಯೊಳಗೆ ಸುರಿದುಕೊಂಡರೆ ಆ ಮೊದಲ ಏಟು ತಪ್ಪುತ್ತದೆ. ಹುಡ್ ಅಂಚನ್ನು ಕಿವಿಯ ಹತ್ತಿರ ಒಮ್ಮೆ ಎತ್ತಿ ಎರಡೂ ಕಿವಿಗೆ ನೀರು ಬಿಡಿ. ಒಂದೇ ಕಿವಿಗೆ ತಣ್ಣೀರು ನುಗ್ಗಿದರೆ ತಲೆ ಗಿರ್ರೆನ್ನುತ್ತದೆ. ರೆಗ್ಯುಲೇಟರ್ ಇಲ್ಲಿಂದ ಒಯ್ಯಬೇಡಿ. ತಣ್ಣೀರಿಗೆ ಅಂತ ಮಾಡದೇ ಇರುವುದು 10 ಡಿಗ್ರಿಗಿಂತ ಕೆಳಗೆ ಹಿಮಗಟ್ಟಿ ಗಾಳಿ ಬುಸುಬುಸು ಬಿಡಬಹುದು, ಅಲ್ಲೇ ಬಾಡಿಗೆಗೆ ತಗೊಳ್ಳಿ. ನಡುಕ ಶುರುವಾದರೆ ಡೈವ್ ಮುಗಿಯಿತು ಅಂತಲೇ ಅರ್ಥ, ಸಿಲಿಂಡರ್‌ನಲ್ಲಿ ಎಷ್ಟು ಗಾಳಿ ಉಳಿದಿದ್ದರೂ ಸರಿ. ಚೆನ್ನಾಗಿ ನೀರು ಕುಡಿಯಿರಿ. ಥಂಡಿಯಲ್ಲಿ ಮೂತ್ರ ಜಾಸ್ತಿ ಆಗುತ್ತದೆ. ಸೂಟೊಳಗೇ ಮಾಡಿಕೊಂಡರೆ ನಾಚಿಕೆ ಬೇಡ, ಎಲ್ಲರೂ ಮಾಡುತ್ತಾರೆ, ಒಪ್ಪಿಕೊಳ್ಳುವುದಿಲ್ಲ ಅಷ್ಟೇ.

ಪ್ರಶ್ನೆ: ನಾವು ವಿಜಯಪುರದವರು. ತಮ್ಮನ ದಪ್ಪ ವೆಟ್‌ಸೂಟ್ ವಾಸನೆ ಹೊಡೆಯುತ್ತಿತ್ತು ಅಂತ ತೊಳೆದು ಮೇ ತಿಂಗಳಲ್ಲಿ ಮಾಳಿಗೆ ಮೇಲೆ ಒಣಗಿಸಿದೆ. ಈಗ ಗಡುಸಾಗಿದೆ, ವಾಸನೆಯೂ ಹೋಗಿಲ್ಲ. ಸರಿಹೋಗುತ್ತದಾ?

ಉತ್ತರ: ಗಡುಸಾಗಿದ್ದು ಸರಿಹೋಗುವುದಿಲ್ಲ. ವಿಜಯಪುರದ ಮೇ ಬಿಸಿಲಿಗೆ ಮಾಳಿಗೆ ಮೇಲೆ ರೊಟ್ಟಿಹಿಟ್ಟಿನ ಜೋಳ ಒಣಗಿಸಬಹುದು, ನಿಯೋಪ್ರಿನ್ ಒಣಗಿಸಬಾರದು. ಮಡಚಿದಾಗ ಸೀಳು ಕಂಡರೆ ತಮ್ಮನಿಗೆ ಈಗಲೇ ಹೇಳಿಬಿಡಿ, ಅದನ್ನು ನಂಬಿ ತಣ್ಣೀರಿಗೆ ಇಳಿಯುವುದು ಬೇಡ. ವಾಸನೆಗೆ ಉಪಾಯ ಇದೆ. ಬಕೆಟ್ ನೀರಿಗೆ ಸ್ವಲ್ಪ ಬೇಬಿ ಶಾಂಪೂ ಹಾಕಿ ಒಳಭಾಗ ಹೊರಗೆ ಬರುವಂತೆ ತಿರುಗಿಸಿ ನೆನೆಸಿ, ಎರಡು ಮೂರು ಸಲ ಜಾಲಿಸಿ. ಹಿಂಡಬೇಡಿ, ವಾಷಿಂಗ್ ಮಷಿನ್ ಬೇಡವೇ ಬೇಡ. ಪಡಸಾಲೆಯ ನೆರಳಿನಲ್ಲಿ ದಪ್ಪ ಪೈಪಿನ ಮೇಲೆ ಸೊಂಟದಿಂದ ಇಳಿಬಿಡಿ. ಒಳಗೆ ಪೂರ್ತಿ ಒಣಗಿದ ಮೇಲೆ ಹೊರಗು ತಿರುಗಿಸಿ. ಟ್ರಂಕಿನಲ್ಲಿ ಹಾಸಿಗೆ ಕೆಳಗೆ ಮಡಚಿಟ್ಟರೆ ಗೆರೆ ಬಿದ್ದ ಕಡೆ ರಬ್ಬರ್ ತೆಳ್ಳಗಾಗುತ್ತದೆ. ತಮ್ಮ ರಜೆಗೆ ಬಂದಾಗ ಮಧ್ಯಾಹ್ನ ಸುಮ್ನೆ ಹಾಕಿ ತೋರಿಸು ಅಂತ ಮಕ್ಕಳು ಹಟ ಮಾಡಿದರೂ ಬೇಡ. ಆ ಸೆಕೆಯಲ್ಲಿ ದಪ್ಪ ಸೂಟ್ ಹಾಕಿ ನಿಂತರೆ ಬೇಗನೇ ಸುಸ್ತಾಗಿ ಬೀಳಬಹುದು.

ಪ್ರಶ್ನೆ: ಬಾಗಲಕೋಟೆಯ ಹಿನ್ನೀರಿನಲ್ಲಿ ಬೆಳಗ್ಗೆ ಈಜುತ್ತೇನೆ. ಜನವರಿಯಲ್ಲಿ ನೀರು ಕೊರೆಯುತ್ತದೆ. 7 ಮಿ.ಮೀ. ಡೈವಿಂಗ್ ಸೂಟ್ ಕಡಿಮೆ ಬೆಲೆಗೆ ಸಿಗುತ್ತಿದೆ, ತಗೊಳ್ಳಲಾ?

ಉತ್ತರ: ಬೇಡ. ನಮ್ಮ ಕಡೆಯ ನೀರಿಗೆ 2–3 ಮಿ.ಮೀ. ಧಾರಾಳ. ಡೈವಿಂಗ್ ಸೂಟಿನ ಭುಜ ದಪ್ಪ, ನಾಲ್ಕು ಕೈ ಹೊಡೆಯುವಷ್ಟರಲ್ಲಿ ರಟ್ಟೆ ಸೋಲುತ್ತದೆ. ಈಜುವವರಿಗೆಂದೇ ಕೈಭಾಗ ತೆಳ್ಳಗಿರುವ ಸೂಟ್ ಬರುತ್ತದೆ, ಅದನ್ನು ನೋಡಿ. ಸೂಟ್ ತೇಲಿಸುತ್ತದೆ ಅಂತ ಅದನ್ನೇ ಲೈಫ್ ಜಾಕೆಟ್ ಅಂದುಕೊಳ್ಳಬೇಡಿ, ಪ್ರಜ್ಞೆ ತಪ್ಪಿದರೆ ಅದು ಮುಖವನ್ನು ಮೇಲೆ ಹಿಡಿಯುವುದಿಲ್ಲ. ಹಿನ್ನೀರಿನಲ್ಲಿ ಮೀನಿನ ಬಲೆ, ಮುಳುಗಿದ ಮರ ಇರುತ್ತವೆ, ಒಬ್ಬರೇ ಹೋಗಬೇಡಿ. ಉಳಿದ ದುಡ್ಡಿಗೆ ಸೊಂಟಕ್ಕೆ ಕಟ್ಟಿ ಎಳೆದುಕೊಂಡು ಈಜುವ ಟೋ ಫ್ಲೋಟ್ ಕೊಳ್ಳಿ. ಕೇಸರಿ ಬಣ್ಣದ್ದೇ ಇರಲಿ, ದೂರದ ದೋಣಿಯವರಿಗೂ ಕಾಣುತ್ತದೆ.