ಇಬ್ಬರಿದ್ದರೆ ಚಳಿ ಕಡಿಮೆಯಾಗುತ್ತದೆಯೇ?

ಬಾಡಿಗೆ ಮನೆ, ಕಾರು, ಚಳಿಗಾಲದ ಬಟ್ಟೆ, ಕೊನೆಗೆ ಮದುವೆ ಎಂದು ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ. ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಕೊನೆಯದೊಂದೇ ಎಂಬುದು ಪತ್ರ ಓದಿದ ಕೂಡಲೇ ತಿಳಿಯಿತು. ಊರಿನಲ್ಲಿ ತಾಯಿಯವರು ಜಾತಕಗಳನ್ನು ತೆಗೆದಿಟ್ಟುಕೊಂಡು, ಬೇಸಿಗೆಗೆ ಮೂರು ವಾರ ರಜೆ ಹಾಕಿ ಬಾ ಎನ್ನುತ್ತಿದ್ದಾರೆ. ಮದುವೆಯಾದವರು ಒಂಟಿಯಾಗಿರುವವರಿಗಿಂತ ಸುಖವಾಗಿರುತ್ತಾರೆಂದು ನೀವೂ ಎಲ್ಲೋ ಓದಿದ್ದೀರಿ. ಅಮೆರಿಕದ ಮಿಶಿಗನ್ನಿನಲ್ಲಿ ಹದಿನೆಂಟು ವರ್ಷ ಕಳೆದ ನಾನು ಇದಕ್ಕೆ ಏನೆನ್ನುತ್ತೇನೆ ಎಂದು ಕೇಳಿದ್ದೀರಿ.

ಮನೆ ಆಫೀಸಿಗೆ ಹತ್ತಿರವಿರಲಿ. ಹೀಟಿಂಗ್ ಖರ್ಚು ಬಾಡಿಗೆಯಲ್ಲೇ ಸೇರಿದೆಯೇ ಎಂದು ವಿಚಾರಿಸಿಕೊಳ್ಳಿ. ಅಮೆರಿಕದ ಕಾರುಗಳ ತವರಾದ ಡೆಟ್ರಾಯಿಟ್ ಪಕ್ಕದಲ್ಲಿ ಕುಳಿತು ಹೀಗೆ ಹೇಳಬಾರದು, ಆದರೂ ಹಳೆಯ ಜಪಾನಿ ಕಾರೊಂದು ಸಾಕು. ಊರಿನ ಸ್ವೆಟರುಗಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಇನ್ನು ನಿಮ್ಮ ಕೊನೆಯ ಪ್ರಶ್ನೆ.

ನಾನು ಬಂದದ್ದು 2007ರ ಜನವರಿಯಲ್ಲಿ. ಫಾರ್ಮಿಂಗ್ಟನ್ ಹಿಲ್ಸ್‌ನ ಒಂದು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಮಾಡಿಟ್ಟ ತಿಳಿಸಾರನ್ನು ಬುಧವಾರದವರೆಗೂ ಬಿಸಿ ಮಾಡಿಕೊಂಡು, ಒಲೆಯ ಪಕ್ಕದಲ್ಲಿ ನಿಂತೇ ಉಣ್ಣುತ್ತಿದ್ದೆ. ಮಾತಾಡುವುದಕ್ಕೆ ಒಬ್ಬರಿದ್ದರೆ ಎಲ್ಲವೂ ಸರಿಹೋಗುತ್ತದೆಂದು ಅಮ್ಮ ಹೇಳಿದ್ದನ್ನು ನಂಬಿದೆ. 2008ರ ಮೇ ತಿಂಗಳಲ್ಲಿ ಅರಸೀಕೆರೆಯಲ್ಲಿ ಮದುವೆಯಾಯಿತು. ನನ್ನ ಹೆಂಡತಿ ಆಗ ಹಾಸನದ ಪಿಯು ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ. ಹೆಣ್ಣು ನೋಡಲು ಹೋದ ದಿನ ಕೇಸರಿಬಾತ್ ತಿನ್ನುತ್ತಾ ಅವಳ ಕಾಲೇಜಿನ ಬಗ್ಗೆ, ಮಕ್ಕಳ ಫಲಿತಾಂಶದ ಬಗ್ಗೆ ಎಲ್ಲ ವಿಚಾರಿಸಿದ್ದೆ. ಆ ಕೆಲಸ ಬಿಟ್ಟು ಬಂದಮೇಲೆ ನೀನು ಏನು ಮಾಡುತ್ತೀಯೆ ಎಂದು ಮಾತ್ರ ಕೇಳಲಿಲ್ಲ. ಅವರ ಮನೆಯವರೂ ಕೇಳಲಿಲ್ಲ. ಅಮೆರಿಕದ ಅಳಿಯನನ್ನು ಹಾಗೆಲ್ಲ ಕೇಳುವ ಕಾಲವಲ್ಲ ಅದು.

ಮೊದಲ ವರ್ಷ ನಾನು ಸುಖವಾಗಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಕಾರು ನಿಲ್ಲಿಸಿ ತಲೆಯೆತ್ತಿದರೆ ಎರಡನೆಯ ಮಹಡಿಯ ಕಿಟಕಿಯಲ್ಲಿ ದೀಪ ಕಾಣುತ್ತಿತ್ತು; ಬಿಸಿ ಮುದ್ದೆಯ ವಾಸನೆ ಮೆಟ್ಟಿಲವರೆಗೂ ಬರುತ್ತಿತ್ತು. ಯಾರಾದರೂ ಸಮೀಕ್ಷೆಯವರು ಬಂದು ಕೇಳಿದ್ದರೆ ಹತ್ತಕ್ಕೆ ಒಂಬತ್ತು ಅಂಕ ಕೊಡುತ್ತಿದ್ದೆ.

ಅವಳು ಬಂದದ್ದು ಎಚ್-4 ವೀಸಾದ ಮೇಲೆ. ನನ್ನ ಹಾಗೆ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಬಂದವರ ಹೆಂಡತಿಗೋ ಗಂಡನಿಗೋ ಕೊಡುವ ಈ ವೀಸಾದಲ್ಲಿ ಆಗ ಕೆಲಸ ಮಾಡುವಂತಿರಲಿಲ್ಲ. ಇಲ್ಲಿ ಗುರುತಿಗೆಂದು ಕೇಳುವ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೂಡ ಸಿಗುತ್ತಿರಲಿಲ್ಲ. ನಮಗಿದ್ದದ್ದು ಒಂದೇ ಕಾರು. ಅದು ಎಂಟು ಗಂಟೆಗೆ ನನ್ನೊಂದಿಗೆ ಹೋಗುತ್ತಿತ್ತು. ನಡೆದುಹೋಗಬಹುದಾದ ದೂರದಲ್ಲಿದ್ದದ್ದು ಒಂದು ಪೆಟ್ರೋಲ್ ಬಂಕು. ಅವಳು ಮನೆಗೆಲಸ ಮುಗಿಸಿ ಕೂರುವ ಹನ್ನೊಂದು ಗಂಟೆಗೆ, ಚಳಿಗಾಲದಲ್ಲಿ, ಹಾಸನದಲ್ಲಿ ರಾತ್ರಿ ಒಂಬತ್ತೂವರೆ. ಅಪ್ಪ ಅಮ್ಮ ಹಾಸಿಗೆ ಹಾಸುವ ಹೊತ್ತು. 2009ರ ಜೂನ್‌ನಲ್ಲಿ ಡೆಟ್ರಾಯಿಟ್‌ನ ದೊಡ್ಡ ಕಾರು ಕಂಪನಿ ಜನರಲ್ ಮೋಟರ್ಸ್ ದಿವಾಳಿ ಅರ್ಜಿ ಹಾಕಿದ ಮೇಲೆ ಇಲ್ಲಿನ ಪ್ರತಿ ಆಫೀಸಿನಲ್ಲೂ ಭಯ ಕಾಲಿಟ್ಟಿತು. ಈಗ ಎಚ್-1ಬಿಯವರ ಕೆಲಸ ಹೋದರೆ ಇಲ್ಲೇ ಇದ್ದು ಬೇರೆ ಕೆಲಸ ಹುಡುಕಲು ಅರವತ್ತು ದಿನಗಳವರೆಗೆ ಅವಕಾಶವುಂಟು. ಆಗ ಅದೂ ಇರಲಿಲ್ಲ. ಹಾಗಾಗಿ ನಾನು ರಾತ್ರಿ ಎಂಟರವರೆಗೆ ಆಫೀಸಿನಲ್ಲೇ ಇರತೊಡಗಿದೆ. ಮನೆಗೆ ಬಂದಾಗ ಅವಳಿಗೆ ಮಾತು ಬೇಕಿರುತ್ತಿತ್ತು, ನನಗೆ ಮೌನ.

2010ರ ಫೆಬ್ರವರಿಯ ಒಂದು ರಾತ್ರಿ ನಾನು ಬೂಟಿನ ಹಿಮ ಕೊಡವುತ್ತಿದ್ದಾಗ ಅವಳು ಅಡುಗೆಮನೆಯಿಂದಲೇ, “ಇವತ್ತು ನನ್ನ ಹತ್ತಿರ ಮಾತಾಡಿದ್ದು ಒಬ್ಬಳೇ ಹೆಂಗಸು ನೋಡಿ. ನಿಮ್ಮ ಖಾತೆಯಲ್ಲಿ ಇನ್ನು ಹದಿನಾಲ್ಕು ನಿಮಿಷ ಉಳಿದಿದೆ ಅಂದಳು” ಎಂದಳು. ಆಗ ಇಂಡಿಯಾಗೆ ಫೋನ್ ಮಾಡಲು ಅಂಗಡಿಯಲ್ಲಿ ಐದು ಡಾಲರಿನ ಕಾರ್ಡು ತರುತ್ತಿದ್ದೆವು. ಅದರ ಹಿಂದಿನ ನಂಬರ್ ಒತ್ತಿದರೆ ಹೀಗೆ ಹೇಳುವ ಧ್ವನಿಯೊಂದಿತ್ತು. ಊರಿನಲ್ಲಿ ಯಾರೂ ಫೋನ್ ಎತ್ತಿರಲಿಲ್ಲವಂತೆ. ನಾನು ಜೋರಾಗಿ ನಕ್ಕೆ, ಒಳ್ಳೆಯ ತಮಾಷೆ ಎಂದು ಮರುದಿನ ಆಫೀಸಿನಲ್ಲೂ ಹೇಳಿದೆ. ಆ ನಗುವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನೀವು ಓದಿದ ಅಧ್ಯಯನಗಳ ವಿಚಾರಕ್ಕೆ ಬರುತ್ತೇನೆ. ಜರ್ಮನಿಯಲ್ಲಿ ಸಾವಿರಾರು ಮನೆಗಳವರನ್ನು 1984ರಿಂದ ವರ್ಷವರ್ಷವೂ ಮಾತಾಡಿಸುವ ಒಂದು ಸಮೀಕ್ಷೆಯಿದೆ. ಅದರ 24,000ಕ್ಕೂ ಹೆಚ್ಚು ಜನರ ಹದಿನೈದು ವರ್ಷಗಳ ಉತ್ತರಗಳನ್ನು ರಿಚರ್ಡ್ ಲ್ಯೂಕಾಸ್ ಮತ್ತು ಸಂಗಡಿಗರು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದರು. ಮದುವೆಯ ಆಸುಪಾಸಿನಲ್ಲಿ ಸಂತೋಷ ಸ್ವಲ್ಪ ಏರಿ, ಆಮೇಲೆ ಸರಾಸರಿಯಲ್ಲಿ ಮೊದಲಿದ್ದ ಮಟ್ಟಕ್ಕೇ ಇಳಿಯುತ್ತದೆ; ಮದುವೆಯಾಗಿ ಜೊತೆಯಲ್ಲೇ ಉಳಿದವರು ಮದುವೆಗೆ ಮುಂಚೆಯೇ ಬೇರೆಯವರಿಗಿಂತ ಸಂತೋಷವಾಗಿದ್ದವರು. ಅಂದರೆ ನೀವು ಓದಿದ ಅಂಕಿಯಲ್ಲಿ ಕಾರಣ ಯಾವುದು, ಫಲ ಯಾವುದು ಎಂಬುದೇ ಸ್ವಲ್ಪ ಹಿಂದುಮುಂದಾಗಿದೆ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಆ ‘ಸರಾಸರಿ’ ಎಂಬ ಮಾತು. ಕೆಲವರು ಏರಿದಲ್ಲೇ ಉಳಿಯುತ್ತಾರೆ, ಕೆಲವರು ಮೊದಲಿಗಿಂತ ಕೆಳಗಿಳಿಯುತ್ತಾರೆ ಎಂದೂ ಅದೇ ಅಧ್ಯಯನ ಹೇಳುತ್ತದೆ. ನಮ್ಮ ಮನೆಯಲ್ಲಿ ನಾನು ಏರಿದ್ದೆ, ಅವಳು ಇಳಿದಿದ್ದಳು. ಇಬ್ಬರನ್ನೂ ಕೂಡಿಸಿ ಭಾಗಿಸಿದ್ದರೆ ಏನೂ ಆಗಿಲ್ಲವೆಂದೇ ಲೆಕ್ಕ ಬರುತ್ತಿತ್ತು. ನನ್ನ ಒಂಟಿತನ ಹೋಗಿರಲಿಲ್ಲ. ಅದು ಕೋಣೆಯಲ್ಲೇ ಉಳಿದು ಅವಳ ಪಾಲಿಗೆ ಬಂದಿತ್ತು.

2015ರ ಮೇ 26ರಿಂದ ಕೆಲವು ಎಚ್-4ನವರಿಗೆ ಕೆಲಸದ ಅನುಮತಿ ದೊರೆಯತೊಡಗಿತು. ಇಲ್ಲೇ ಕಾಯಂ ನೆಲೆಸಲು ಬೇಕಾದ ಹಸಿರು ಕಾರ್ಡಿಗಾಗಿ ನನ್ನ ಕಂಪನಿ ಹಾಕಿದ್ದ ಐ-140 ಅರ್ಜಿ ಮಂಜೂರಾಗಿದ್ದರಿಂದ ಅವಳಿಗೂ ಸಿಕ್ಕಿತು. ಈಗ ಅವಳು ಇಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಲ್ಯಾಬ್ ನಡೆಸುತ್ತಾಳೆ. ಅವಳ ಕೋಟಿನಿಂದ ಆಸಿಡ್ ವಾಸನೆ ಬರುವ ದಿನ ಮನೆಯಲ್ಲಿ ಮಾತು ಜಾಸ್ತಿ. ಆದರೆ ನಡುವಿನ ಏಳು ವರ್ಷಗಳನ್ನು ಯಾವ ಅರ್ಜಿ ಹಾಕಿದರೂ ಹಿಂದಕ್ಕೆ ಪಡೆಯಲಾಗುವುದಿಲ್ಲ.

ಆದ್ದರಿಂದ ಮದುವೆಯಾಗಬೇಡಿ ಎಂದು ನಾನು ಹೇಳುತ್ತಿಲ್ಲ. ನಾನಂತೂ ಅವಳನ್ನೇ ಮತ್ತೆ ಮದುವೆಯಾಗುತ್ತೇನೆ, ಅವಳು ಒಪ್ಪಿದರೆ. ನಿಮ್ಮ ಐ-140 ಎಲ್ಲಿಗೆ ಬಂದಿದೆ ಎಂದು ಕಂಪನಿಯಲ್ಲಿ ವಿಚಾರಿಸಿ, ಇದ್ದದ್ದನ್ನು ಇದ್ದ ಹಾಗೆ ಹುಡುಗಿಗೆ ತಿಳಿಸಿ. ಅವಳ ತಂದೆಗಲ್ಲ, ಅವಳಿಗೆ. ಯಾವುದೇ ಒಂದು ದೇಶದವರಿಗೆ ಕೆಲಸದ ಮೇಲೆ ಕೊಡುವ ಹಸಿರು ಕಾರ್ಡುಗಳಲ್ಲಿ ಸಾಮಾನ್ಯವಾಗಿ ಶೇಕಡಾ 7ಕ್ಕಿಂತ ಹೆಚ್ಚು ಪಾಲಿಲ್ಲದ ಕಾರಣ ನಮ್ಮವರ ಸಾಲು ಬಹಳ ಉದ್ದವಿದೆ. ಎಚ್-4ನವರ ಕೆಲಸದ ಅನುಮತಿಯೂ ಸರ್ಕಾರ ಮಾಡಿದ ನಿಯಮವೇ ಹೊರತು ಸಂಸತ್ತಿನ ಕಾಯಿದೆಯಲ್ಲ, ಬದಲಾಗಬಹುದು. ಹಾಗಾಗಿ ಬಂದಕೂಡಲೇ ಕೆಲಸ ಸಿಗುತ್ತದೆಂದು ಮಾತು ಕೊಡಬೇಡಿ. ಎರಡನೆಯ ಕಾರು ಕೊಳ್ಳುವವರೆಗೆ ಮದುವೆಯ ದಿನಾಂಕ ಗೊತ್ತುಮಾಡಬೇಡಿ. ಅದುವರೆಗೆ ಯಾರೊಂದಿಗಾದರೂ ಅಪಾರ್ಟ್‌ಮೆಂಟ್ ಹಂಚಿಕೊಳ್ಳಿ, ಕನ್ನಡ ಕೂಟದ ಯುಗಾದಿಗೆ ಬನ್ನಿ, ಊಟಕ್ಕೆ ನಮ್ಮ ಮನೆಗೂ ಬನ್ನಿ.

ಇದನ್ನು ಕಳಿಸುವ ಮುಂಚೆ ಅವಳಿಗೆ ಓದಲು ಕೊಟ್ಟಿದ್ದೆ. ಉಳಿದದ್ದೇನನ್ನೂ ಮುಟ್ಟದೆ ಒಂದು ಕಡೆ ಮಾತ್ರ ಬೆರಳಿಟ್ಟಳು: ಹದಿನಾಲ್ಕಲ್ಲ, ಒಂಬತ್ತು ನಿಮಿಷ.